ಬಾಡಿದ ಆಂಥೂರಿಯಂ: ನೀರು ಹಾಕುವ ಮುಂಚೆ ಬೇರು ನೋಡಿ

“ಆಂಥೂರಿಯಂ ತಂದು ಎರಡು ತಿಂಗಳಾಯ್ತು. ತಂದಾಗ ಐದು ಕೆಂಪು ಹೂ ಇತ್ತು. ಈಗ ಎಲೆ ಒಂದೊಂದೇ ಹಳದಿಯಾಗ್ತಿದೆ, ಗಿಡ ಜೋತುಬಿದ್ದಿದೆ. ದಿನಾ ತಪ್ಪದೆ ನೀರು ಹಾಕ್ತಿದ್ದೀನಿ. ಏನು ಮಾಡಲಿ?”

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ನಡೆಯುತ್ತದೆ. ಅದು ಮುಗಿದು ಒಂದೆರಡು ತಿಂಗಳಾದ ಮೇಲೆ, ಅಲ್ಲಿಂದ ಗಿಡ ತಂದವರಿಂದ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಕೇಳುವವರು ಬೇರೆ ಬೇರೆ, ಕಥೆ ಒಂದೇ. ಹಾಗಾಗಿ ಎಲ್ಲವೂ ಒಂದೇ ಕಡೆ ಸಿಗಲಿ ಅಂತ ಹಂತ ಹಂತವಾಗಿ ಬರೆದಿದ್ದೇನೆ. ಮೊದಲೇ ಒಂದು ಮಾತು: ಇದನ್ನು ಓದಿ ಮುಗಿಸುವವರೆಗೆ ಆ ಗಿಡಕ್ಕೆ ಒಂದು ಲೋಟ ನೀರನ್ನೂ ಹಾಕಬೇಡಿ.

ಗಿಡದ ಸ್ವಭಾವ ತಿಳಿದರೆ ಅರ್ಧ ಕೆಲಸ ಆಯಿತು

ಆಂಥೂರಿಯಂನ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಈಕ್ವೆಡಾರ್‌ನ ಮಳೆಕಾಡು. 1876ರಲ್ಲಿ ಫ್ರಾನ್ಸ್‌ನ ಎಡ್ವಾರ್ ಆಂಡ್ರೆ ಎಂಬ ಸಸ್ಯತಜ್ಞ ಕೊಲಂಬಿಯಾದಲ್ಲಿ ಇದನ್ನು ಸಂಗ್ರಹಿಸಿದ. ಅವನ ಹೆಸರಿನಿಂದಲೇ ಇದು ‘ಆಂಥೂರಿಯಂ ಆಂಡ್ರಿಯೇನಮ್’ ಆಯಿತು. ನಮ್ಮ ಮನೆಗೆ ಬರುವುದು ಅದರ ಮಿಶ್ರತಳಿಗಳು.

ಕಾಡಿನಲ್ಲಿ ಇದು ಹೆಚ್ಚಾಗಿ ಮರದ ಮೇಲೆ ಬೆಳೆಯುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಲಸಿನ ಮರದ ಕೊಂಬೆಗೆ ಅಂಟಿಕೊಂಡಿರುವ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನು ನೆನಪಿಸಿಕೊಳ್ಳಿ. ಅದರ ಬೇರು ಗಾಳಿಯಲ್ಲೇ ನೇತಾಡುತ್ತಿರುತ್ತದೆ. ಮಳೆ ಬಂದಾಗ ತೋಯುತ್ತದೆ, ಗಾಳಿಗೆ ಆರುತ್ತದೆ, ಮತ್ತೆ ತೋಯುತ್ತದೆ. ಆಂಥೂರಿಯಂನ ದಪ್ಪ ಬೇರಿಗೂ ಇದೇ ಅಭ್ಯಾಸ. ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಅದು ನೀರನ್ನು ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಆದರೆ ಆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು.

ಇಲ್ಲಿ ಒಂದು ಗೊಂದಲವಿದೆ. ಆಂಥೂರಿಯಂ ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದು, ಸುವರ್ಣಗಡ್ಡೆಗೂ ದಾಯಾದಿ. ಕೆಸು ಹಳ್ಳದ ಪಕ್ಕ, ಬಚ್ಚಲ ನೀರು ಹರಿಯುವಲ್ಲಿ ಸೊಂಪಾಗಿ ಬೆಳೆಯುತ್ತದೆ, ಅಲ್ವಾ? ಹಾಗಂತ ಆಂಥೂರಿಯಂಗೂ ಕಾಲಡಿಯಲ್ಲಿ ನೀರು ನಿಲ್ಲಿಸಿದರೆ ಅದು ಕೊಳೆಯುತ್ತದೆ. ಕುಟುಂಬ ಒಂದೇ, ಬದುಕುವ ಜಾಗ ಬೇರೆ.

ಏನೇನು ಬೇಕು?

ಚೂಪಾದ ಕತ್ತರಿ, ಅದನ್ನು ಒರೆಸಲು ಸರ್ಜಿಕಲ್ ಸ್ಪಿರಿಟ್, ಹಳೇ ಪೇಪರ್, ಕೈಗವಸು. ತಳದಲ್ಲಿ ನಾಲ್ಕೈದು ತೂತಿರುವ ಕುಂಡ. ಮಿಶ್ರಣಕ್ಕೆ ತೆಂಗಿನ ಸಿಪ್ಪೆಯ ತುಂಡುಗಳು, ಸ್ವಲ್ಪ ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಮತ್ತು ಇದ್ದಿಲು ಅಥವಾ ಇಟ್ಟಿಗೆ ಚೂರು. ಇದ್ದಿಲು ಮರದ್ದಾಗಿರಲಿ. ಬಾರ್ಬೆಕ್ಯೂಗೆ ಸಿಗುವ, ಬೇಗ ಹತ್ತಿಕೊಳ್ಳಲಿ ಅಂತ ರಾಸಾಯನಿಕ ಸೇರಿಸಿದ ಇದ್ದಿಲು ಬೇಡ.

ಕೈಗವಸು ಯಾಕೆ ಅಂದರೆ, ಕೆಸುವಿನ ತುರಿಕೆ ಇದರಲ್ಲೂ ಇದೆ. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನ ಸೂಜಿಯಂಥ ಸಣ್ಣ ಹರಳುಗಳು ಇದರ ರಸದಲ್ಲಿರುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಕೆಸುವಿನ ಇದೇ ತುರಿಕೆಗೆ. ಆಂಥೂರಿಯಂ ಎಲೆ ಮಾತ್ರ ತಿನ್ನುವಂಥದ್ದಲ್ಲ. ಮಗು, ಬೆಕ್ಕು ಅಥವಾ ನಾಯಿ ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕೆಲಸ ಮಾಡುವಾಗ ಅವರನ್ನು ದೂರವಿಡಿ, ಕತ್ತರಿಸಿದ ಚೂರುಗಳನ್ನು ಕೂಡಲೇ ಎತ್ತಿಹಾಕಿ.

ಹಂತ 1: ಕಾಯಿಲೆ ಯಾವುದು ಅಂತ ಗುರುತಿಸಿ

ಬೆರಳನ್ನು ಎರಡು ಇಂಚು ಒಳಗೆ ಇಳಿಸಿ. ಕುಂಡ ಎತ್ತಿ ತೂಕ ನೋಡಿ. ತಳದ ತೂತಿಗೆ ಮೂಗು ಹಿಡಿದು ವಾಸನೆ ನೋಡಿ. ಈ ಮೂರು ಪರೀಕ್ಷೆ ಮಾಡದೆ ಯಾವ ಔಷಧಿಯನ್ನೂ ಕೊಳ್ಳಬೇಡಿ.

ಗಿಡ ಬಾಡಿದೆ, ಒಳಗೆಲ್ಲ ಒಣಗಿದೆ, ಕುಂಡ ಹಗುರ: ಇದು ಬಾಯಾರಿಕೆ. ಒಂದು ಬಕೆಟ್ ನೀರಿನಲ್ಲಿ ಕುಂಡವನ್ನು ಅರ್ಧ ಗಂಟೆ ಅರ್ಧ ಮುಳುಗಿಸಿಟ್ಟು, ಆಮೇಲೆ ಪೂರ್ತಿ ಸೋರಲು ಬಿಡಿ. ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತದೆ. ನಿಮಗೆ ಮುಂದಿನ ಹಂತಗಳಲ್ಲಿ ಬೆಳಕು ಮತ್ತು ನೀರಿನ ವಿಷಯ ಮಾತ್ರ ಸಾಕು.

ಗಿಡ ಬಾಡಿದೆ, ಆದರೆ ಒಳಗೆ ಒದ್ದೆ, ಕುಂಡ ಭಾರ, ಹಳಸಿದ ವಾಸನೆ: ಇದು ಬೇರುಕೊಳೆ. ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಬೇರು ಕೊಳೆತರೆ ಅದಕ್ಕೆ ನೀರು ಹೀರಲು ಆಗುವುದಿಲ್ಲ. ಸುತ್ತ ನೀರಿದ್ದರೂ ಎಲೆಗೆ ತಲುಪುವುದಿಲ್ಲ, ಎಲೆ ಬಾಡುತ್ತದೆ. ನೋಡಿದವರು ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕುತ್ತಾರೆ. ಉಳಿದ ಬೇರೂ ಹೋಗುತ್ತದೆ.

ಎಲೆಯ ತುದಿ, ಅಂಚು ಮಾತ್ರ ಕಂದಾಗಿ ಒಣಗುತ್ತಿದ್ದರೆ ನೀರಿನಲ್ಲಿರುವ ಉಪ್ಪು, ಜಾಸ್ತಿ ಗೊಬ್ಬರ ಅಥವಾ ಒಣ ಗಾಳಿ ಕಾರಣವಿರಬಹುದು. ಎಲೆಯ ನಡುವೆ ಬಿಳಿಚಿ ಸುಟ್ಟಂತಾಗಿದ್ದರೆ ನೇರ ಬಿಸಿಲು. ಎಲೆಸಂದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಹಿಟ್ಟು ತಿಗಣೆ. ಎಲೆಯ ಅಡಿಯಲ್ಲಿ ನವಿರಾದ ಬಲೆ, ಮೇಲೆ ಧೂಳಿನಂಥ ಚುಕ್ಕೆ ಇದ್ದರೆ ನುಸಿ.

ತಳದ ಒಂದು ಹಳೇ ಎಲೆ ಯಾವಾಗಲೋ ಒಮ್ಮೆ ಹಳದಿಯಾದರೆ ಅದು ವಯಸ್ಸು. ಕೆಂಪು ಹೂ ಎರಡು ಮೂರು ತಿಂಗಳ ನಂತರ ಹಸಿರಾಗುವುದೂ ಸಹಜ. ಅಂದಹಾಗೆ ನಾವು ಹೂ ಅನ್ನುವ ಆ ಕೆಂಪು ಭಾಗ ಬಣ್ಣ ಬದಲಿಸಿದ ಒಂದು ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಕಾಳಿನಂತೆ ಒತ್ತಾಗಿ ಕೂತಿರುತ್ತವೆ.

ಎಚ್ಚರ: ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಕಪ್ಪು ಮಚ್ಚೆ, ಅದರ ಸುತ್ತ ಹಳದಿ ಅಂಚು, ದಿನದಿನಕ್ಕೆ ಹರಡುತ್ತಿದೆ ಅಂದರೆ ಅದು ಬ್ಯಾಕ್ಟೀರಿಯಾ ರೋಗ ಇರಬಹುದು. ಇದಕ್ಕೆ ಮನೆಯಲ್ಲಿ ಮಾಡುವ ಮದ್ದಿಲ್ಲ. ಆ ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಮಚ್ಚೆ ಕಾಂಡಕ್ಕೆ ಇಳಿದಿದ್ದರೆ ಕವರ್‌ನಲ್ಲಿ ಕಟ್ಟಿ ಎಸೆದುಬಿಡಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಬೇಜಾರಾಗುತ್ತದೆ, ನನಗೆ ಗೊತ್ತು. ಆದರೆ ಪಕ್ಕದ ಹತ್ತು ಗಿಡ ಉಳಿಯುತ್ತವೆ.

ಹಂತ 2: ಕುಂಡದಿಂದ ಬಿಡಿಸಿ, ಬೇರು ತೊಳೆಯಿರಿ

ಕಾಂಡ ಹಿಡಿದು ಎಳೆಯಬೇಡಿ. ಕುಂಡದ ಸುತ್ತ ತಟ್ಟಿ, ಓರೆ ಮಾಡಿ, ಬೇರಿನ ಮುದ್ದೆಯನ್ನು ಇಡಿಯಾಗಿ ಜಾರಿಸಿ. ನರ್ಸರಿಯ ಗಿಡವಾದರೆ ಒಳಗೆ ಎರಡು ಅಚ್ಚರಿ ಇರಬಹುದು.

ಒಂದು, ಗಟ್ಟಿಯಾಗಿ ಒತ್ತಿದ ಕೆಮ್ಮಣ್ಣು. ಕೆಮ್ಮಣ್ಣು ದಾಸವಾಳಕ್ಕೆ ಚೆನ್ನ. ಆಂಥೂರಿಯಂ ಬೇರಿಗೆ ಅದು ಉಸಿರುಗಟ್ಟಿಸುವ ಗೋಡೆ. ಇನ್ನೊಂದು, ಬೇರಿನ ನಡುವೆ ಸಣ್ಣ ಬಲೆಯ ಚೀಲ ಅಥವಾ ಸ್ಪಂಜಿನಂಥ ಬಿಲ್ಲೆ. ಸಸಿ ಚಿಕ್ಕದಿದ್ದಾಗ ಅದರಲ್ಲಿ ಬೆಳೆಸಿರುತ್ತಾರೆ, ಆಮೇಲೆ ಹಾಗೇ ಬಿಟ್ಟಿರುತ್ತಾರೆ. ಸುತ್ತಲೆಲ್ಲ ಒಣಗಿದರೂ ಆ ಬಿಲ್ಲೆ ಮಾತ್ರ ಒದ್ದೆಯಾಗಿಯೇ ಉಳಿದು, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಬಲೆಯನ್ನು ಕತ್ತರಿಯಿಂದ ಸೀಳಿ, ಸುಲಭವಾಗಿ ಬಂದಷ್ಟನ್ನು ತೆಗೆಯಿರಿ. ಬೇರಿನೊಳಗೆ ಹೆಣೆದುಕೊಂಡಿದ್ದರೆ ಜಗ್ಗಬೇಡಿ.

ನಲ್ಲಿಯ ಕೆಳಗೆ ಸಣ್ಣಗೆ ನೀರು ಬಿಟ್ಟು ಬೇರು ಚೆನ್ನಾಗಿ ಕಾಣುವವರೆಗೆ ತೊಳೆಯಿರಿ.

ಹಂತ 3: ಸತ್ತ ಬೇರು ಕತ್ತರಿಸಿ

ಒಂದೊಂದು ಬೇರನ್ನೂ ಬೆರಳಲ್ಲಿ ಒತ್ತಿ ನೋಡಿ. ಬಣ್ಣಕ್ಕಿಂತ ಗಟ್ಟಿತನ ಮುಖ್ಯ. ಗಟ್ಟಿಯಾಗಿದ್ದರೆ ಜೀವ ಇದೆ, ಬಣ್ಣ ಬಿಳಿಯಿರಲಿ, ಕಂದಿರಲಿ. ಹಳೇ ಬೇರು ಕಂದಾಗಿಯೇ ಇರುತ್ತದೆ. ಒತ್ತಿದರೆ ಮೆತ್ತಗೆ ಪಿಚಕ್ ಅನ್ನುವ, ಎಳೆದರೆ ಸಿಪ್ಪೆ ಕಳಚಿ ನಡುವಿನ ದಾರ ಮಾತ್ರ ಉಳಿಯುವ ಬೇರು ಸತ್ತಿದೆ. ಅದನ್ನು ಆರೋಗ್ಯದ ಭಾಗ ಸಿಗುವವರೆಗೆ ಕತ್ತರಿಸಿ. ಕೊಳೆತ ಬೇರು ಕತ್ತರಿಸಿದ ಮೇಲೆ ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಇದನ್ನು ಬಿಟ್ಟರೆ ರೋಗವನ್ನು ನೀವೇ ಒಳ್ಳೇ ಬೇರಿಗೆ ಹಚ್ಚಿದಂತೆ.

ಕೈ ನಡುಗಬಹುದು. ಕತ್ತರಿಸುತ್ತಾ ಹೋದಂತೆ ಬೇರೇ ಉಳಿಯುವುದಿಲ್ಲವೇನೋ ಅನ್ನಿಸುತ್ತದೆ. ಆದರೂ ಅರ್ಧ ಕೊಳೆತದ್ದನ್ನು ಬಿಡಬೇಡಿ. ಸತ್ತ ಬೇರನ್ನು ಬದುಕಿಸುವ ಔಷಧಿ ಯಾವುದೂ ಇಲ್ಲ. ಶಿಲೀಂಧ್ರನಾಶಕ, ಅಂದರೆ ಬೂಷ್ಟು ಕೊಲ್ಲುವ ಪುಡಿ ನಿಮ್ಮಲ್ಲಿದ್ದರೆ ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ ಬಳಸಿ. ಅದು ಉಳಿದ ಬೇರಿಗೆ ಕಾವಲು ಮಾತ್ರ. ನಿಜವಾದ ಚಿಕಿತ್ಸೆ ಕತ್ತರಿ.

ಈಗ ಮೇಲಿನ ಭಾರ ಇಳಿಸಿ. ಹೂಗಳನ್ನೆಲ್ಲ, ಚೆನ್ನಾಗಿರುವುದನ್ನೂ ಸೇರಿಸಿ, ಬುಡದಲ್ಲಿ ಕತ್ತರಿಸಿ. ಹೂ ಹೊರುವುದು ಗಿಡಕ್ಕೆ ಜಾಸ್ತಿ ಖರ್ಚು. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಹಳದಿ ಎಲೆ, ಹಳೇ ದೊಡ್ಡ ಎಲೆ ತೆಗೆದು ಮೂರು ನಾಲ್ಕು ಎಳೇ ಎಲೆ ಉಳಿಸಿಕೊಳ್ಳಿ. ಕತ್ತರಿಸಿದ ಗಿಡವನ್ನು ಪೇಪರ್ ಮೇಲೆ ನೆರಳಲ್ಲಿ ಒಂದೆರಡು ಗಂಟೆ ಮಲಗಿಸಿ. ಗಾಯ ಆರಲಿ.

ಬೇರು ಒಂದೂ ಉಳಿಯದಿದ್ದರೆ?

ಕಾಂಡ ಗಟ್ಟಿಯಾಗಿದ್ದರೆ ಆಸೆ ಬಿಡಬೇಡಿ. ಕಾಂಡದ ಕೊಳೆತ ತುದಿಯನ್ನು ಒಳಗೆ ಬಿಳಿ ಅಥವಾ ಹಸಿರು ಕಾಣುವವರೆಗೆ ಕತ್ತರಿಸಿ. ಎಲೆ ಬಿದ್ದ ಜಾಗದ ಹತ್ತಿರ ಸಣ್ಣ ಗಂಟುಗಳು ಕಾಣುತ್ತವೆ. ಹೊಸ ಬೇರು ಬರುವುದು ಅಲ್ಲಿಂದಲೇ. ಸ್ಫ್ಯಾಗ್ನಮ್ ಮಾಸ್ ಅಂತ ನರ್ಸರಿಯಲ್ಲಿ ಒಣ ಪಾಚಿ ಸಿಗುತ್ತದೆ. ಅದನ್ನು ನೆನೆಸಿ, ಒಂದು ಹನಿಯೂ ಬೀಳದಂತೆ ಹಿಂಡಿ, ಕಾಂಡದ ಬುಡಕ್ಕೆ ಸುತ್ತಿ ಸಣ್ಣ ಕುಂಡದಲ್ಲಿ ನಿಲ್ಲಿಸಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಮುಚ್ಚಿ. ದಿನಕ್ಕೊಮ್ಮೆ ಹತ್ತು ನಿಮಿಷ ಕವರ್ ತೆಗೆದು ಗಾಳಿ ಕೊಡಿ. ಬಿಸಿಲು ತಾಗಬಾರದು, ಕವರ್ ಒಳಗೆ ಬೆಂದುಹೋಗುತ್ತದೆ. ಬೇರು ಬರಲು ಆರರಿಂದ ಎಂಟು ವಾರ ಹಿಡಿಯಬಹುದು. ಕಾಂಡವೂ ಮೆತ್ತಗಾಗಿದ್ದರೆ ಮಾತ್ರ ಗಿಡ ಹೋಯಿತು ಅಂತ ಲೆಕ್ಕ.

ಹಂತ 4: ಹೊಸ ಮಿಶ್ರಣದಲ್ಲಿ ಕೂರಿಸಿ

ತೆಂಗಿನ ಸಿಪ್ಪೆ ತುಂಡು ಎರಡು ಪಾಲು, ಕೋಕೋಪೀಟ್ ಒಂದು ಪಾಲು, ಇದ್ದಿಲು ಅಥವಾ ಇಟ್ಟಿಗೆ ಚೂರು ಒಂದು ಪಾಲು. ಸಿಪ್ಪೆಯ ತುಂಡು ಅರ್ಧದಿಂದ ಒಂದು ಇಂಚು ಇರಲಿ. ಮಣ್ಣು ಬೇಡ, ಗೊಬ್ಬರ ಬೇಡ, ಎರೆಗೊಬ್ಬರವೂ ಈಗ ಬೇಡ.

ತೆಂಗಿನ ಸಿಪ್ಪೆ, ಕೋಕೋಪೀಟ್ ಎರಡರಲ್ಲೂ ಉಪ್ಪಿನಂಶ ಇರುತ್ತದೆ. ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಕಂದು ಬಣ್ಣ ತಿಳಿಯಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ತಾಳ್ಮೆ ಬೇಕಾದ ಕೆಲಸ, ಆದರೆ ಬಿಡುವಂತಿಲ್ಲ.

ಕುಂಡ ದೊಡ್ಡದು ಬೇಡ. ಉಳಿದಿರುವ ಬೇರಿನ ಸುತ್ತ ಒಂದು ಇಂಚು ಜಾಗ ಇದ್ದರೆ ಸಾಕು. ‘ಬೆಳೆಯಲಿ ಅಂತ ದೊಡ್ಡ ಕುಂಡಕ್ಕೆ ಹಾಕಿದೆ’ ಅನ್ನುವ ಮಾತು ನಾನು ತುಂಬಾ ಕೇಳಿದ್ದೇನೆ. ಬೇರು ತಲುಪದ ಜಾಗದಲ್ಲಿ ನೀರು ಆರದೆ ನಿಂತು ಕೊಳೆ ಮತ್ತೆ ಶುರುವಾಗುತ್ತದೆ.

ತಳದಲ್ಲಿ ಜಲ್ಲಿ ಹರಡುವ ಹಳೇ ರೂಢಿಯನ್ನೂ ಬಿಡಿ. ಜಲ್ಲಿ ಇದ್ದರೆ ನೀರು ಬೇಗ ಇಳಿಯುತ್ತದೆ ಅನ್ನಿಸುತ್ತದೆ. ನಿಜವಾಗಿ ಆಗುವುದು ಬೇರೆ. ಸಣ್ಣ ಕಣಗಳ ಮಿಶ್ರಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗಿನ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆಯೇ ನಿಲ್ಲುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ತೂತಿನ ಮೇಲೆ ಒಂದು ಹೆಂಚಿನ ಚೂರು ಓರೆಯಾಗಿಟ್ಟರೆ ಸಾಕು.

ಗಿಡವನ್ನು ನಡುವೆ ಹಿಡಿದು ಸುತ್ತ ಮಿಶ್ರಣ ಸುರಿಯಿರಿ. ಕುಂಡ ತಟ್ಟಿ ಕೂರಿಸಿ, ಕೈಯಲ್ಲಿ ಒತ್ತಬೇಡಿ. ಕಾಂಡದಿಂದ ಇಳಿಬಿದ್ದ ಗಾಳಿಬೇರುಗಳನ್ನು ಮಿಶ್ರಣದೊಳಗೆ ಸೇರಿಸಿ. ಎಲೆ ಹೊರಡುವ ಸುಳಿ ಮಾತ್ರ ಮೇಲೆಯೇ ಇರಲಿ. ಗಿಡ ಅಲ್ಲಾಡಿದರೆ ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟಿ.

ಹಂತ 5: ಜಾಗ

ಕೊಡಗಿನಲ್ಲಿ ಆಂಥೂರಿಯಂ ಬೆಳೆಯುವವರು ಕಾಫಿ ತೋಟದ ನಡುವೆ, ಮುಕ್ಕಾಲು ಪಾಲು ಬಿಸಿಲು ತಡೆಯುವ ನೆರಳುಪರದೆ ಕಟ್ಟಿ ಬೆಳೆಸುತ್ತಾರೆ. ನೆರಳು ಅಂದರೆ ಕತ್ತಲಲ್ಲ ಅನ್ನುವುದನ್ನು ಇದರಿಂದ ತಿಳಿಯಬಹುದು. ಮನೆಯೊಳಗೆ ಹಗಲು ದೀಪ ಹಾಕದೆ ಪೇಪರ್ ಓದಲು ಆಗುವಷ್ಟು ಬೆಳಕು ಬೇಕು. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಪಶ್ಚಿಮದ ಕಿಟಕಿಯಾದರೆ ಎರಡು ಮೂರು ಅಡಿ ಒಳಗೆ ಇಡಿ, ಇಲ್ಲವೇ ತೆಳು ಪರದೆ ಇಳಿಬಿಡಿ. ಸೋಫಾ ಮೂಲೆ, ಟಿವಿ ಪಕ್ಕ ಗಿಡ ಚೆಂದ ಕಾಣುತ್ತದೆ ನಿಜ. ಆದರೆ ಕಾಯಿಲೆ ಗಿಡಕ್ಕೆ ಅಲ್ಲಿ ಬೆಳಕು ಸಾಲುವುದಿಲ್ಲ, ಹಾಕಿದ ನೀರೂ ಆರುವುದಿಲ್ಲ.

18ರಿಂದ 30 ಡಿಗ್ರಿ ಇದಕ್ಕೆ ಹಿತ. ಬೆಂಗಳೂರಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಧಾನ, ಆಗ ನೀರೂ ಕಡಿಮೆ ಸಾಕು. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟಿದಾಗ ಗಾಳಿಯ ತೇವ ಉಳಿಸುವುದೇ ದೊಡ್ಡ ಕೆಲಸ. ನಾಲ್ಕಾರು ಗಿಡ ಒಟ್ಟಿಗೆ ಇಡಿ, ಬಿಸಿಗಾಳಿ ಬಡಿಯುವ ಕಿಟಕಿಯಿಂದ ದೂರವಿಡಿ. ಮಂಗಳೂರು, ಉಡುಪಿಯವರಿಗೆ ತೇವದ ಚಿಂತೆ ಇಲ್ಲ. ಅಲ್ಲಿ ಮಳೆಗಾಲದಲ್ಲಿ ಕುಂಡ ವಾರವಾದರೂ ಆರದಿರುವುದೇ ತೊಂದರೆ. ಹಾಗಾಗಿ ಕೋಕೋಪೀಟ್ ಬಿಟ್ಟು ಬರೀ ಸಿಪ್ಪೆ ತುಂಡು, ಇದ್ದಿಲು ಹಾಕಿ ಮಣ್ಣಿನ ಕುಂಡ ಬಳಸಿ. ಚಳಿದೇಶದಲ್ಲಿರುವ ಕನ್ನಡಿಗರು ಹೀಟರ್ ಮತ್ತು ತಣ್ಣನೆ ಗಾಜು ಎರಡರಿಂದಲೂ ಗಿಡವನ್ನು ದೂರವಿಡಿ. ಎಲ್ಲೇ ಇರಲಿ, ಎಸಿ ಗಾಳಿ ನೇರ ಬೀಳಬಾರದು.

ಹಂತ 6: ನೀರು

ಮೊದಲ ನೀರು ಮರುದಿನ ಕೊಡಿ. ಆಮೇಲೆ ಕ್ಯಾಲೆಂಡರ್ ನೋಡಿ ನೀರು ಹಾಕುವ ಅಭ್ಯಾಸ ಬಿಟ್ಟುಬಿಡಿ. ಬೆರಳು ಇಳಿಸಿ, ಮೇಲಿನ ಒಂದೂವರೆ ಇಂಚು ಆರಿದ್ದರೆ ನೀರು ಹಾಕಿ, ಇಲ್ಲದಿದ್ದರೆ ನಾಳೆ ನೋಡಿ. ಹಾಕುವಾಗ ಕೈ ಬಿಗಿ ಮಾಡಬೇಡಿ. ತಳದಿಂದ ಹರಿದು ಬರುವಷ್ಟು ಹಾಕಿ, ಹತ್ತು ನಿಮಿಷದ ನಂತರ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ದಿನಾ ಅರ್ಧ ಲೋಟ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಮೇಲಿನ ಉಪ್ಪೂ ಕೊಚ್ಚಿಹೋಗುತ್ತದೆ, ಬೇರಿಗೆ ಹೊಸ ಗಾಳಿಯೂ ಸಿಗುತ್ತದೆ.

ಯಾವ ನೀರು ಅನ್ನುವುದು ನಮ್ಮ ಊರುಗಳಲ್ಲಿ ದೊಡ್ಡ ಪ್ರಶ್ನೆ. ಮಳೆನೀರು ಎಲ್ಲಕ್ಕಿಂತ ಉತ್ತಮ. ಬೆಂಗಳೂರಿನಲ್ಲಿ ಕಾವೇರಿ ನೀರು ನಡೆಯುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಮಿಶ್ರಣದ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಎಲೆ ತುದಿ ಸುಡುತ್ತದೆ. ರಾತ್ರಿ ಬಕೆಟ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಕ್ಲೋರಿನ್ ಸ್ವಲ್ಪ ಹಾರಿಹೋಗಬಹುದು, ಉಪ್ಪು ಎಲ್ಲೂ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಎಚ್ಚರ: ಆರ್‌ಒ ಫಿಲ್ಟರ್‌ನಿಂದ ಹೊರಬರುವ ತ್ಯಾಜ್ಯ ನೀರನ್ನು ಈ ಗಿಡಕ್ಕೆ ಹಾಕಬೇಡಿ. ನೀರು ವ್ಯರ್ಥ ಮಾಡಬಾರದು ಅನ್ನುವ ನಿಮ್ಮ ಕಾಳಜಿ ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ.

ಹಂತ 7: ಕಾಯಿರಿ

ಮೊದಲ ನಾಲ್ಕರಿಂದ ಎಂಟು ವಾರ ಮೇಲೆ ಏನೂ ಆಗುವುದಿಲ್ಲ. ಒಂದೆರಡು ಹಳೇ ಎಲೆ ಇನ್ನೂ ಹಳದಿಯಾಗಬಹುದು. ಗಿಡ ಈಗ ಬೇರು ಕಟ್ಟುತ್ತಿರುತ್ತದೆ. ಹೇಗಿದೆ ಅಂತ ಎತ್ತಿ ನೋಡಬೇಡಿ, ಜಾಗ ಬದಲಿಸುತ್ತಾ ಇರಬೇಡಿ.

ಈ ಹೊತ್ತಿನಲ್ಲೇ ಅಕ್ಕಿ ತೊಳೆದ ನೀರು, ಚಹಾ ಚರಟ, ಮಜ್ಜಿಗೆ, ಬಾಳೆಸಿಪ್ಪೆ ನೀರು ಎಲ್ಲ ನೆನಪಾಗುತ್ತವೆ. ದಯವಿಟ್ಟು ಬೇಡ. ಕಾಯಿಲೆ ಬೇರಿನ ಸುತ್ತ ಇವು ಹುಳಿತು ಬೂಷ್ಟು ಹಿಡಿಯುತ್ತವೆ, ಸಣ್ಣ ಕಪ್ಪು ನೊಣ ಬರುತ್ತವೆ. ಎಲೆ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಒರೆಸುವುದೂ ಬೇಡ, ಉಸಿರಾಡುವ ರಂಧ್ರ ಮುಚ್ಚುತ್ತದೆ. ಒದ್ದೆ ಬಟ್ಟೆ ಸಾಕು.

ಹಿಟ್ಟು ತಿಗಣೆ ಇದ್ದರೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಿರಿ. ನುಸಿಗೆ ಎಲೆಯ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಬಿಡದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದು ಎಲೆಗೆ ಮಾತ್ರ ಹಾಕಿ ಎರಡು ದಿನ ನೋಡಿ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು.

ಸುಳಿಯಿಂದ ಕಂದುಗೆಂಪು ಬಣ್ಣದ, ಹೊಳೆಯುವ, ಸುರುಳಿ ಸುತ್ತಿದ ಎಳೇ ಎಲೆ ಬಂದರೆ ಗಿಡ ಗೆದ್ದಿತು. ಆ ಎಲೆ ಪೂರ್ತಿ ಬಿಚ್ಚಿ ಹಸಿರಾಗುವವರೆಗೆ ಕಾದು, ಆಮೇಲೆ ಗೊಬ್ಬರ ಶುರು ಮಾಡಿ. ಅಂಗಡಿಯಲ್ಲಿ 19:19:19 ಅಂತ ಸಿಗುತ್ತದೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ ಅದು. ಒಂದು ಲೀಟರ್‌ಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಮಿಶ್ರಣ ಒಣಗಿರುವಾಗ ಹಾಕಬೇಡಿ, ಮೊದಲು ಬರೀ ನೀರು ಕೊಟ್ಟು ಆಮೇಲೆ ಕೊಡಿ. ತಿಂಗಳಿಗೊಮ್ಮೆ ಬರೀ ನೀರನ್ನು ಧಾರಾಳವಾಗಿ ಹಾಯಿಸಿ ಉಪ್ಪು ತೊಳೆದುಬಿಡಿ.

ಹೂ ಯಾವಾಗ ಅಂತ ಕೇಳುತ್ತೀರಿ. ಬೆಳೆದ ಆಂಥೂರಿಯಂನಲ್ಲಿ ಪ್ರತಿ ಹೊಸ ಎಲೆಯ ಸಂದಿಯಿಂದ ಒಂದು ಹೂ ಬರಬಹುದು. ಹಾಗಾಗಿ ಎಲೆಗಳನ್ನು ಎಣಿಸಿ. ಮೊದಲ ಒಂದೆರಡು ಎಲೆಗೆ ಹೂ ಬರದಿದ್ದರೆ ಚಿಂತೆ ಬೇಡ, ಬಂದರೂ ಸಣ್ಣದಿರುತ್ತದೆ. ನನ್ನ ಮಾತು ಕೇಳುವುದಾದರೆ ಆ ಮೊದಲ ಮೊಗ್ಗನ್ನು ಚಿವುಟಿಬಿಡಿ. ಮೂರನೆಯ ಎಲೆ ಹಿಂದಿನದಕ್ಕಿಂತ ದೊಡ್ಡದಾಗಿ ಬಂದರೆ, ಅದರ ಸಂದಿಯಲ್ಲಿ ಕಾಣುವ ಮೊಗ್ಗನ್ನು ಬಿಟ್ಟುಕೊಳ್ಳಿ.